ತೊಳೆದಿಟ್ಟ ಸ್ಪಂಜು

ಕೀವಿಗೆ ಮೊದಲು ಬಿಸಿನೀರು ಹಾಕಬಾರದು. ತಣ್ಣೀರು ಹಾಕಬೇಕು. ಬಿಸಿನೀರು ಬಿದ್ದರೆ ಕೀವು ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ಸ್ಪಂಜಿನ ಕಣ್ಣುಕಣ್ಣಿಗೂ ಕಚ್ಚಿಕೊಳ್ಳುತ್ತದೆ. ಆಮೇಲೆ ದೇವರೇ ಬಂದು ಉಜ್ಜಿದರೂ ಬಿಡುವುದಿಲ್ಲ. ತಣ್ಣೀರಿನಲ್ಲಿ ಮೂರು ಸಲ ಹಿಂಡಬೇಕು. ನೀರು ತಿಳಿಯಾದ ಮೇಲೆ ಸೋಪು. ಸೋಪಾದ ಮೇಲೆ ಕೈ ಸುಡುವಷ್ಟು ಬಿಸಿನೀರು. ಕೊನೆಗೆ ಔಷಧಿಯ ನೀರು.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹನ್ನೊಂದು ವರ್ಷದಲ್ಲಿ ಕೈ ತಾನಾಗಿ ಕಲಿತದ್ದು.

ತೊಳೆಯುವ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿತ್ತು, ಹೆಣ ಸಾಗಿಸುವ ಬಾಗಿಲಿನ ಪಕ್ಕಕ್ಕೆ. ಇದ್ದ ಒಂದು ಕಿಟಕಿಗೂ ತಗಡು ಹೊಡೆದಿದ್ದರು. ನಲ್ಲಿ ಎರಡು, ನೀರು ಬರುವುದು ಒಂದರಲ್ಲಿ. ಬಿಸಿನೀರನ್ನು ಅಡುಗೆಮನೆಯ ಬಾಯ್ಲರಿನಿಂದ ಅವಳೇ ಹೊತ್ತು ತರಬೇಕು. "ಬಿಸಿನೀರು, ಬಿಸಿನೀರು, ದಾರಿ ಬಿಡಿ" ಎಂದು ದಿನಕ್ಕೆ ಹದಿನೈದು ಸಲ ಕೂಗಿಕೊಂಡು ಓಡಾಡುವವಳಿಗೆ ಬಿಸಿನೀರಮ್ಮ ಎಂದೇ ಹೆಸರು ಬಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಗುತ್ತಿಗೆದಾರ ಅಲ್ಲಿ "ತೊಳೆಯುವ ಹೆಂಗಸು, ಒಂದು" ಎಂದು ಬರೆಸಿದ್ದ. ಬಕೆಟ್ಟು, ಎರಡು. ಬ್ರಷ್ಷು, ಮೂರು. ತೊಳೆಯುವ ಹೆಂಗಸು, ಒಂದು.

ಅವಳು ಲಿಫ್ಟು ಹತ್ತುವಂತಿರಲಿಲ್ಲ. ವಾಸನೆ ಎನ್ನುತ್ತಿದ್ದರು. ನಿಜವೇ. ವಾಸನೆ ಇತ್ತು. ಬೆರಳಿನ ಸಂದಿಯಲ್ಲಿ ಚರ್ಮ ಬಿಟ್ಟು, ಉಗುರಿನ ಬುಡ ಕೊಳೆತು, ಎಷ್ಟು ಸೋಪು ಹಾಕಿದರೂ ಆ ವಾಸನೆ ಕೈ ಬಿಟ್ಟು ಹೋಗುತ್ತಿರಲಿಲ್ಲ. ಅವಳು ಕೈಯಲ್ಲಿ ಊಟ ಮಾಡಿ ಹನ್ನೊಂದು ವರ್ಷವಾಗಿತ್ತು. ಚಮಚದಲ್ಲಿ ತಿನ್ನುತ್ತಿದ್ದಳು. "ನಮ್ಮತ್ತಿಗೆ ದೊರೆಸಾನಿ" ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು.

ಚಿಮಟ, ಕತ್ತರಿ, ಟ್ರೇ, ಬೋಗುಣಿ, ಇವೆಲ್ಲ ಉಕ್ಕಿನವು. ತೊಳೆದು ಆವಿಯ ಡ್ರಮ್ಮಿಗೆ ಹಾಕಿದರೆ ಮುಗಿಯಿತು. ಕಷ್ಟವಿದ್ದದ್ದು ಸ್ಪಂಜಿನದು. ದೊಡ್ಡ ಹುಣ್ಣಾದರೆ ಅದರ ಆಕಾರಕ್ಕೆ ಕಪ್ಪು ಸ್ಪಂಜನ್ನು ಕತ್ತರಿಸಿ ಒಳಗೆ ತುಂಬುತ್ತಾರೆ. ಅದರ ಮೇಲೆ ಅಂಟಿನ ಹಾಳೆ. ಹಾಳೆಗೊಂದು ತೂತು, ತೂತಿಗೊಂದು ಕೊಳವೆ, ಕೊಳವೆಯ ತುದಿಗೆ ರೇಡಿಯೋದಷ್ಟು ದೊಡ್ಡ ಮಿಷನ್ನು. ಅದು ಹಗಲೂ ರಾತ್ರಿ ಹುಣ್ಣಿನ ನೀರು, ಕೀವು ಎಲ್ಲವನ್ನೂ ಹೀರಿ ಡಬ್ಬಿಗೆ ತುಂಬುತ್ತದೆ. ಹುಣ್ಣು ಒಣಗಿ ಕೆಂಪಗೆ ಹೊಸ ಮಾಂಸ ಬರುತ್ತದೆ. ಮೂರು ದಿನಕ್ಕೊಮ್ಮೆ ಸ್ಪಂಜು ಬದಲಾಯಿಸಬೇಕು.

ಅಂಥ ಮಿಷನ್ನು ಮೇಲಿನ ವಾರ್ಡಿನಲ್ಲಿ ನಾಲ್ಕಿದ್ದವು. ಕೆಳಗಿನ ಧರ್ಮದ ವಾರ್ಡಿಗೆ ಒಂದೇ. ಮೇಲಿನವರ ಹುಣ್ಣಿನಿಂದ ತೆಗೆದ ಸ್ಪಂಜು, ಕೊಳವೆ, ಡಬ್ಬಿ ಎಲ್ಲ ಬಕೆಟ್ಟಿನಲ್ಲಿ ಅವಳ ಕೋಣೆಗೆ ಬರುತ್ತಿದ್ದವು. ಅವಳು ತೊಳೆದು, ದಾರಕ್ಕೆ ನೇತುಹಾಕಿ ಒಣಗಿಸಿ, ಕಾಗದದ ಕವರಿಗೆ ಹಾಕಿ ಕೊಡುತ್ತಿದ್ದಳು. ಸ್ಪಂಜನ್ನು ಆವಿಗೆ ಹಾಕಿದರೆ ಕುಗ್ಗುತ್ತದೆ, ಹಾಗೇ ಕೊಡು ಎಂದಿದ್ದರು ಬೀಗದ ಸಿಸ್ಟರು. ಸೊಂಟದಲ್ಲಿ ಎಲ್ಲ ಬೀರುಗಳ ಬೀಗದಕೈ ಇಟ್ಟುಕೊಂಡು ಝಲ್ ಝಲ್ ಎಂದು ಓಡಾಡುವ ಹಿರಿಯ ಸಿಸ್ಟರು ಅವರು. ಅವಳು ತೊಳೆದ ಸ್ಪಂಜುಗಳನ್ನು ಬೀರುವಿನಲ್ಲಿಟ್ಟು ಕೆಳಗಿನ ವಾರ್ಡಿಗೆ ಒಂದೊಂದಾಗಿ ಕೊಡುತ್ತಿದ್ದರು. ಮೇಲಿನವರ ಹುಣ್ಣಿಗೆ ಕತ್ತರಿಸಿದ ಸ್ಪಂಜು ಕೆಳಗಿನವರ ಹುಣ್ಣಿಗೆ ಇನ್ನೊಮ್ಮೆ ಕತ್ತರಿಸಿಕೊಳ್ಳುತ್ತಿತ್ತು.

"ತೊಳೆದರೆ ಹೊಸದೇ," ಎಂದು ಮೊದಲ ದಿನವೇ ಹೇಳಿದ್ದರು ಅವರು. "ಎಲ್ಲಾ ನಿನ್ನ ಕೈಯಲ್ಲಿದೆ."

ಆ ಮಾತು ಅವಳಿಗೆ ಹಿಡಿಸಿತ್ತು. ಜೀವಮಾನದಲ್ಲಿ ಅವಳ ಕೈಯಲ್ಲಿ ಏನಾದರೂ ಇದೆ ಎಂದು ಹೇಳಿದವರು ಬೇರೆ ಯಾರು?

*

ಗಂಡ ಸತ್ತಿದ್ದ. ಗಂಡನ ತಂಗಿ ಉಳಿದಿದ್ದಳು. ಕಟ್ಟಿಕೊಂಡವನು ಬಿಟ್ಟ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದವಳು, ಅಣ್ಣ ಹೋದ ಮೇಲೂ ಹೋಗಲಿಲ್ಲ. ಹೋಗಲು ಜಾಗವಿರಲಿಲ್ಲ. ಇಬ್ಬರಿಗೂ ಒಂದೇ ಕೋಣೆ, ಒಂದೇ ಕಂಬಳಿ. ಬೆಳಿಗ್ಗೆ ಎದ್ದರೆ ಹಾವು ಮುಂಗುಸಿ, ಮಲಗಿದರೆ ಒಬ್ಬಳ ಬೆನ್ನಿಗೆ ಇನ್ನೊಬ್ಬಳ ಬೆನ್ನು.

ನಾದಿನಿ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಆವಿಯ ಮಿಷನ್ನಿಗೆ ಕೊಟ್ಟು ಮಡಿಸುವ ಕೆಲಸ. ಒಂದು ದಿನ ಆವಿಯ ಕೊಳವೆ ಅವಳ ಮೊಣಕಾಲಿನ ಕೆಳಗೆ ಅಂಟಿ ಚರ್ಮ ಕಿತ್ತುಕೊಂಡಿತು. ಮೇಸ್ತ್ರಿ ಮುಲಾಮು ಹಚ್ಚಿ, ನಿಂತುಕೊಂಡು ಮಾಡುವ ಕೆಲಸ ತಾನೇ, ನಡೆಯೋದೇನಿಲ್ಲವಲ್ಲ ಎಂದ. ಅವಳು ಒಂಬತ್ತು ದಿನ ನಿಂತಳು. ಮೈಯಲ್ಲಿ ಸಕ್ಕರೆ ಕಾಯಿಲೆ ಇರುವುದು ಅವಳಿಗೆ ಗೊತ್ತಿರಲಿಲ್ಲ. ಹತ್ತನೇ ದಿನ ಗಾಯದ ಅಂಚು ಕಪ್ಪಾಗಿತ್ತು.

ಕೆಳಗಿನ ವಾರ್ಡಿನಲ್ಲಿ ಮಂಚ ಸಿಕ್ಕಿತು. ಸತ್ತ ಮಾಂಸ ಕತ್ತರಿಸಿ ತೆಗೆದ ಮೇಲೆ ಕಾಲಿನಲ್ಲಿ ಅಂಗೈ ಹಿಡಿಸುವಷ್ಟು ಗುಂಡಿ.

"ಅತ್ತಿಗೆ, ನಿನ್ನ ರಾಜ್ಯಕ್ಕೆ ಬಂದೆ ನೋಡು," ಎಂದಳು ನಾದಿನಿ. "ಎದ್ದು ನಿಂತು ಕೈಮುಗಿಯೋರು ಒಬ್ಬರೂ ಕಾಣ್ತಿಲ್ಲವಲ್ಲ."

"ಬಾಯಿ ಮುಚ್ಚಿಕೊಂಡು ಕಾಲು ಚಾಚು."

"ಕಾಲು ಚಾಚೋಕೆ ಬಾಯಿ ಯಾಕೆ ಮುಚ್ಚಬೇಕು? ಎರಡಕ್ಕೂ ಏನಾದ್ರೂ ದಾರ ಕಟ್ಟಿದೆಯಾ?"

ಡ್ರೆಸ್ಸಿಂಗ್ ಮಾಡುವವನು ನಕ್ಕ. ಅವನನ್ನು ಎಲ್ಲರೂ ಪಟ್ಟಿಯಣ್ಣ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದವನು. ಅವನು ಕಾಗದದ ಕವರಿನಿಂದ ಸ್ಪಂಜು ತೆಗೆದಾಗ ಬಿಸಿನೀರಮ್ಮ ಮುಂದೆ ಬಗ್ಗಿ ಗುರುತು ಹಿಡಿದಳು.

"ಹೆದರಬೇಡ ಕಣೇ. ಇದು ನಾನೇ ತೊಳೆದದ್ದು. ಆರು ನೀರು ಕಂಡಿದೆ."

"ಮನೇಲಿ ಒಂದು ಲೋಟ ನೆಟ್ಟಗೆ ತೊಳೆಯಲ್ಲ. ಇಲ್ಲಿ ಆರು ನೀರಂತೆ! ಕೇಳಿದ್ಯಾ ಅಣ್ಣಾ?"

ಎದುರು ಮಂಚದ ಮುದುಕಿಯೂ ನಕ್ಕಳು. ಅವಳ ಮಗಳು ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವಳು. ಮಲಗಿ ಮಲಗಿ ಬೆನ್ನ ಕೆಳಗೆ ಹುಣ್ಣಾಗಿತ್ತು. ಮುದುಕಿ ದಿನಾ ಕೇಳುತ್ತಿದ್ದಳು: "ನಿಮ್ಮವರಿಗೆ ವಾಸಿ ಆದ ಮೇಲೆ ಆ ಮಿಷನ್ನು ನಮಗೆ ಕೊಡಿಸಮ್ಮ. ನೀನು ಇಲ್ಲಿಯವಳು, ನಿನ್ನ ಮಾತು ನಡೆಯುತ್ತೆ."

ತನ್ನ ಮಾತು ನಡೆಯುತ್ತದೆ ಎಂದು ನಂಬಿದವಳು ಆ ಮುದುಕಿ ಒಬ್ಬಳೇ. ಬಿಸಿನೀರಮ್ಮ ಹೂಂ ಎನ್ನುತ್ತಿದ್ದಳು.

*

ವಾಸಿಯಾಗಲಿಲ್ಲ. ಎರಡನೆಯ ಸಲ ಸ್ಪಂಜು ತೆಗೆದಾಗ ಗುಂಡಿ ಒಂದು ಬೆರಳು ಹೆಚ್ಚಿತ್ತು. ಮೂರನೆಯ ಸಲ ಹಸಿರು ಬಣ್ಣದ ಕೀವು ಬಂತು. ಕೊಳೆತ ಹಣ್ಣಿನ ಹಾಗೆ ಸಿಹಿಸಿಹಿ ವಾಸನೆ.

ಆ ವಾಸನೆ ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಮೂಗು ಅದು. ಮೂರು ವಾರದ ಹಿಂದೆ ಮೇಲಿನ ವಾರ್ಡಿನಿಂದ ಬಂದ ಬಕೆಟ್ಟಿನಲ್ಲಿ ಇದೇ ಹಸಿರು, ಇದೇ ಸಿಹಿ ಇತ್ತು. ಟೈರ್ ಅಂಗಡಿ ಯಜಮಾನನದು. ಅವನ ತೊಡೆಯ ಹುಣ್ಣು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಧೈರ್ಯ ಅವಳ ಮನಸ್ಸಿಗೆ ಬರಲಿಲ್ಲ. ತೊಳೆದಿದ್ದೆನಲ್ಲ ಎಂದುಕೊಂಡಳು. ಇನ್ನೊಮ್ಮೆ ಎಂದುಕೊಂಡಳು. ಚೆನ್ನಾಗಿಯೇ ತೊಳೆದಿದ್ದೆನಲ್ಲ.

ರೌಂಡ್ಸಿಗೆ ಬಂದ ಡಾಕ್ಟರು ಕಾಲನ್ನು ನೋಡಿದರು, ಕಾಗದವನ್ನು ನೋಡಿದರು. ಮುಖ ನೋಡಲಿಲ್ಲ.

"ಇನ್ನೆರಡು ಸಲ ಮಿಷನ್ ಹಾಕಿ ನೋಡೋಣ. ಕ್ಲೀನ್ ಆದ್ರೆ ಸರಿ. ಇಲ್ಲಾಂದ್ರೆ ಮಂಡಿ ಕೆಳಗೆ ತೆಗೀಬೇಕು."

"ಏನು ತೆಗೀಬೇಕಂತೆ ಅತ್ತಿಗೆ?" ಎಂದಳು ನಾದಿನಿ. ಕೇಳಿಸಿತ್ತು ಅವಳಿಗೆ. ಆದರೂ ಕೇಳಿದಳು.

ಮಾರನೆಯ ಬೆಳಿಗ್ಗೆ ಬಿಸಿನೀರಮ್ಮ ಬಕೆಟ್ಟು ತರಲು ಹಿಂದಿನ ಮೆಟ್ಟಿಲು ಹತ್ತಿ ಮೇಲೆ ಹೋದಳು. ಟೈರ್ ಅಂಗಡಿ ಯಜಮಾನನ ತೊಡೆಗೆ ಡ್ರೆಸ್ಸಿಂಗ್ ನಡೆಯುತ್ತಿತ್ತು. ಬಾಗಿಲಲ್ಲಿ ನಿಂತು ಇಣುಕಿದಳು. ಮೂರು ವಾರದ ಹಿಂದೆ ಹಸಿರಾಗಿದ್ದ ಹುಣ್ಣು ಈಗ ಕೆಂಪಗೆ, ಹಸುಗೂಸಿನ ವಸಡಿನ ಹಾಗೆ ಹೊಳೆಯುತ್ತಿತ್ತು. ಅವಳು ಕಣ್ಣು ಕೀಳದೆ ನೋಡಿದಳು. ಅಸೂಯೆಯೋ ಏನೋ. ಒಬ್ಬನ ಹುಣ್ಣನ್ನು ಕಂಡು ಹೊಟ್ಟೆಕಿಚ್ಚು ಪಡುವ ಸ್ಥಿತಿ ಹೆಣ್ಣಿಗೆ ಬರಬಾರದು.

ಡ್ರೆಸ್ಸಿಂಗ್ ಮಾಡುತ್ತಿದ್ದವಳು ಹೊಸ ನರ್ಸು, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಬಿಸಿನೀರಮ್ಮನನ್ನು ಬನ್ನಿ, ಹೋಗಿ ಎನ್ನುತ್ತಿದ್ದವಳು ಅವಳೊಬ್ಬಳೇ. ಹೊರಗೆ ಬಂದಾಗ ಬಿಸಿನೀರಮ್ಮ ಅವಳನ್ನು ತಡೆದಳು.

"ಸಿಸ್ಟರೇ, ಅದೇ ಮಿಷನ್ನು, ಅದೇ ಸ್ಪಂಜು. ಇಲ್ಲಿ ಹಿಂಗೆ ಅರಳಿದೆ. ಕೆಳಗೆ ನಮ್ಮವಳ ಕಾಲು ಹೋಗ್ತಿದೆ. ನೀವು ಬೇರೆ ಏನು ಮಾಡ್ತೀರಿ, ಹೇಳಿ. ನಾನೂ ಮಾಡ್ತೀನಿ."

ನರ್ಸು ಅತ್ತಿತ್ತ ನೋಡಿದಳು.

"ಅದೇ ಸ್ಪಂಜು ಅಲ್ಲಮ್ಮ," ಎಂದಳು. ಒಳಗೆ ಹೋಗಿ ಬಂದು, ಬಟ್ಟೆಯಡಿಯಿಂದ ಒಂದು ಪ್ಯಾಕೆಟ್ಟು ತೆಗೆದು ಅವಳ ಕೈಗೆ ತುರುಕಿದಳು. "ಇವರು ಮನೆಗೆ ಹೋಗ್ತಾರೆ. ಇದು ಉಳೀತು. ಮುಂದಿನ ಸಲ ನಿಮ್ಮವರಿಗೆ ಇದನ್ನ ಹಾಕಿಸಿ. ನಾನು ಕೊಟ್ಟೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಅಮ್ಮ. ದಯವಿಟ್ಟು."

ಇನ್ನೊಂದು ಮಾತು ನರ್ಸು ಹೇಳಬೇಕಿತ್ತು. ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಬೆಂಕಿ ಸುಡುತ್ತದೆ ಎಂದು ಯಾರು ಯಾರಿಗೆ ಹೇಳುತ್ತಾರೆ?

*

ಪ್ಯಾಕೆಟ್ಟು ಎರಡು ದಿನ ಬಿಸಿನೀರಮ್ಮನ ರವಿಕೆಯೊಳಗೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಅವಳು ತೊಳೆಯುವ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಹರಿದಳು.

ಹೊಸ ಸ್ಪಂಜನ್ನು ಅವಳು ಮುಟ್ಟಿದ್ದು ಅದೇ ಮೊದಲು. ಅಂಚೆಲ್ಲ ನೇರ, ಮೆತ್ತಗೆ, ಹಗುರ. ಮೂಗಿಗೆ ಹಿಡಿದಳು. ವಾಸನೆಯೇ ಇರಲಿಲ್ಲ. ಹನ್ನೊಂದು ವರ್ಷ ಸಾವಿರಾರು ಸ್ಪಂಜುಗಳನ್ನು ಹಿಂಡಿದವಳು ಸ್ಪಂಜಿಗೆ ತನ್ನದೇ ಒಂದು ವಾಸನೆ ಇರುತ್ತದೆ ಎಂದೇ ತಿಳಿದಿದ್ದಳು.

ಅಚ್ಚು ಹಾಕಿದ ಪ್ಯಾಕೆಟ್ಟನ್ನು ಯಾರಾದರೂ ಕಂಡರೆ ಆ ಹುಡುಗಿಯ ಕೆಲಸ ಹೋಗುತ್ತದೆ. ಅದನ್ನು ಚೂರುಚೂರಾಗಿ ಕತ್ತರಿಸಿ ಕಸದೊಳಗೆ ಬೆರೆಸಿದಳು. ಆಮೇಲೆ ಸ್ಪಂಜನ್ನು ಬೋಗುಣಿಗೆ ಹಾಕಿದಳು.

ಅಂಗಡಿಯಿಂದ ತಂದ ಹೊಸ ಪಾತ್ರೆಯನ್ನಾದರೂ ತೊಳೆಯದೆ ಒಲೆಗೆ ಇಡುವುದುಂಟೆ? ಯಾರ ಯಾರ ಕೈ ದಾಟಿ ಬಂದಿದೆಯೋ. ಇದು ಪಾತ್ರೆಯೂ ಅಲ್ಲ, ನಾದಿನಿಯ ಮಾಂಸದೊಳಗೆ ಹೋಗುವಂಥದ್ದು. ತಣ್ಣೀರು ಮೂರು ಸಲ. ಸೋಪು. ಬಿಸಿನೀರು. ಔಷಧಿಯ ನೀರು. ಆ ದಿನ ಬಾಯ್ಲರಿನಿಂದ ಇನ್ನೊಂದು ಬಕೆಟ್ಟು ಹೆಚ್ಚಿಗೆ ತಂದು ಇನ್ನೊಂದು ಸುತ್ತು ತೊಳೆದಳು. ಅವಳು ಹೆತ್ತವಳಲ್ಲ. ಹೆತ್ತಿದ್ದರೆ ಕೂಸಿನ ತಲೆಯನ್ನು ಹೀಗೆಯೇ ಅಂಗೈಯಲ್ಲಿ ಹಿಡಿದು ನೀರು ಹಾಕುತ್ತಿದ್ದಳೋ ಏನೋ.

ಡ್ರೆಸ್ಸಿಂಗಿನ ಹೊತ್ತಿಗೆ ಅದನ್ನು ಕಾಗದದ ಕವರಿನಲ್ಲಿ ತಂದು ಪಟ್ಟಿಯಣ್ಣನ ಟ್ರೇಯಲ್ಲಿಟ್ಟಳು. ಅವನು ತೆಗೆದವನು ಕೈಯಲ್ಲೇ ಹಿಡಿದು ನಿಂತ.

"ಇದೆಲ್ಲಿಂದ ಬಂತು ಬಿಸಿನೀರಮ್ಮ?"

"ಎಲ್ಲಿಂದಾದ್ರೂ ಬರಲಿ. ಹಾಕು."

"ಇದು ಹೊಸದು. ಅಂಚು ನೋಡು, ಕತ್ತರಿ ಮುಟ್ಟಿಲ್ಲ. ಆದ್ರೆ ಒದ್ದೆ ಯಾಕಿದೆ?"

"ತೊಳೆದೆ."

"ತೊಳೆದ್ಯಾ? ಪ್ಯಾಕೆಟ್ ಒಡೆದು?"

"ಒಡೆಯದೆ ತೊಳೆಯೋಕಾಗುತ್ತಾ? ಎಂಥಾ ಪ್ರಶ್ನೆ ಕೇಳ್ತೀಯ."

ಪಟ್ಟಿಯಣ್ಣನಿಗೆ ನಗು ಬಂತು. ತಡೆಯಲಾರದೆ ನಕ್ಕುಬಿಟ್ಟ. ಆಮೇಲೆ ಅವಳ ಮುಖ ನೋಡಿ ಸುಮ್ಮನಾದ.

"ಅಯ್ಯೋ ಪುಣ್ಯಾತ್ಗಿತ್ತಿ. ಇದನ್ನ ಕಾರ್ಖಾನೆಲೇ ಒಂದು ಹುಳ ಉಳಿಯದ ಹಾಗೆ ಮಾಡಿ ಮುಚ್ಚಿರ್ತಾರೆ. ಗಾಳಿ ಕೂಡ ಸೋಕಬಾರದು. ಹೊಸ ಗ್ಲೌಸ್ ಹಾಕ್ಕೊಂಡು ಹುಣ್ಣಿನ ಪಕ್ಕಕ್ಕೆ ತಂದು ಒಡೀಬೇಕು, ಒಡೆದ ತಕ್ಷಣ ಒಳಗಿಡಬೇಕು. ನಲ್ಲಿ ನೀರಲ್ಲಿ ಅದ್ದಿದ್ಯಲ್ಲ, ಮುಗೀತು. ಆ ನೀರಲ್ಲಿ ಏನಿದೆಯೋ. ನಿನ್ನ ಬೋಗುಣಿಲಿ ಯಾರ್‍ಯಾರ ಕೀವು ಇದೆಯೋ."

"ತೊಳೆದ್ರೆ ಹೊಸದೇ ಅಂದಿದ್ರಲ್ಲ."

ಅವನು ಸ್ಪಂಜನ್ನು ಟ್ರೇಯಲ್ಲಿ ಇಳಿಸಿದ.

"ಹಂಗಾದ್ರೆ ಹನ್ನೊಂದು ವರ್ಷದಿಂದ ನಾನು ತೊಳೆದು ಕೊಟ್ಟಿದ್ದು?"

"ನನ್ನ ಕೇಳಬೇಡ. ಟ್ರೇಲಿ ಏನು ಬರುತ್ತೋ ಅದನ್ನ ಇಡೋನು ನಾನು."

"ನಿನಗೆ ಗೊತ್ತಿತ್ತು."

"ಎಲ್ಲರಿಗೂ ಗೊತ್ತಿದೆ. ನಿನಗೂ ಗೊತ್ತಿದೆ ಅಂದ್ಕೊಂಡಿದ್ದೆ."

ಬಿಸಿನೀರಮ್ಮ ಮಂಚದ ಕಂಬಿ ಹಿಡಿದುಕೊಂಡಳು. ಅವಳ ಕೋಣೆಯ ಪಕ್ಕದ ಬಾಗಿಲಿನಿಂದ ಹೋದವರು ಕಣ್ಣಿಗೆ ಬಂದರು. ಕಲ್ಲು ಒಡೆಯುವವನ ಹೆಂಡತಿ. ಲಾರಿ ಕ್ಲೀನರು. ಕೈಗಾಡಿಯಲ್ಲಿ ಹಣ್ಣು ಮಾರುತ್ತಿದ್ದ, ನಗುನಗುತ್ತಾ ಬಂದಿದ್ದ ಗಡ್ಡದವನು. ಸ್ಟ್ರೆಚರು ಹೋಗುವಾಗ ಅವಳು ಪ್ರತಿ ಸಲವೂ ಕೈಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು, ಮರ್ಯಾದೆಗೆ. ನಿಂತಾಗ ಅವಳ ಕೈಯಿಂದ ಬೋಗುಣಿಗೆ ನೀರು ತೊಟ್ಟಿಕ್ಕುತ್ತಿರುತ್ತಿತ್ತು.

ನಾದಿನಿ ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದಳು. ಕಾಲನ್ನು ಪಟ್ಟಿಯಣ್ಣನ ಕಡೆಗೆ ಸರಿಸಿ ಹೇಳಿದಳು:

"ಹಾಕಪ್ಪಾ. ನಮ್ಮತ್ತಿಗೆ ಅಷ್ಟು ಆಸೆಯಿಂದ ತೊಳೆದಿದ್ದಾಳೆ. ಎಸೆಯೋಕಾಗುತ್ತಾ."

ಬೇರೆ ಇರಲೂ ಇಲ್ಲ. ಪಟ್ಟಿಯಣ್ಣ ಅದನ್ನೇ ಹಾಕಿದ.

*

ಮಾರನೆಯ ಬೆಳಿಗ್ಗೆ ಮೇಲಿನ ವಾರ್ಡಿನ ಬಕೆಟ್ಟು ಬಂದಿತ್ತು. ಏಳು ಸ್ಪಂಜು, ನಾಲ್ಕು ಡಬ್ಬಿ, ಕೊಳವೆಯ ಸುರುಳಿ. ಬಿಸಿನೀರಮ್ಮ ನಲ್ಲಿ ತಿರುಗಿಸಲಿಲ್ಲ. ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತಳು. ಹತ್ತು ಗಂಟೆಗೆ ಬೀಗದಕೈ ಸದ್ದು ಮಾಡಿಕೊಂಡು ಬೀಗದ ಸಿಸ್ಟರು ಬಂದರು.

"ಯಾಕೆ ಕೂತಿದ್ದೀಯ? ಕೆಳಗೆ ಸ್ಪಂಜು ಕೇಳ್ತಿದ್ದಾರೆ."

"ತೊಳೆಯಲ್ಲ."

"ಏನಂದೆ?"

"ತೊಳೆಯಲ್ಲ ಅಂದೆ. ಕತ್ತರಿ ಕೊಡಿ, ಚಿಮಟ ಕೊಡಿ, ಕಕ್ಕಸು ತೊಳಿ ಅನ್ನಿ, ತೊಳೀತೀನಿ. ಇದನ್ನ ತೊಳೆಯಲ್ಲ."

ಸಿಸ್ಟರು ಬಾಗಿಲಿನಿಂದ ಒಳಗೆ ಬರಲಿಲ್ಲ. ಆ ಕೋಣೆಯ ಒಳಗೆ ಅವರು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ.

"ನೀನು ತೊಳೆಯದಿದ್ರೆ ಕೆಳಗಿನವರಿಗೆ ಇದೂ ಇಲ್ಲ. ಹತ್ತಿ, ಬಟ್ಟೆ, ಅಷ್ಟೇ. ಹೊಸದು ತರಿಸೋಕೆ ಮೇಲಿನವರು ಒಪ್ಪಲ್ಲ, ನಾನು ಬರೆದು ಬರೆದು ಸಾಕಾಗಿದೆ. ಇಲ್ಲದವರಿಗೆ ಇಷ್ಟಾದ್ರೂ ಸಿಗಲಿ ಅಂತ ನಾನು ಮಾಡಿದ್ದು. ಇದ್ರಿಂದ ವಾಸಿ ಆಗಿ ಮನೆಗೆ ಹೋದವರು ಇಲ್ವಾ? ಅವರನ್ನ ಲೆಕ್ಕಕ್ಕೆ ತಗೊಳ್ಳಲ್ವಾ ನೀನು?"

ಇದ್ದರು. ವಾಸಿಯಾಗಿ ಹೋದವರೂ ಇದ್ದರು. ಅದು ಸುಳ್ಳಾಗಿದ್ದರೆ ಬಿಸಿನೀರಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಸರಿ ಸಿಸ್ಟರೇ," ಎಂದಳು. "ಇವತ್ತು ತೊಳೆದದ್ದನ್ನ ಮೇಲಿನ ವಾರ್ಡಿನವರಿಗೆ ಹಾಕಿ. ಒಂದು ಸಲ. ಒಬ್ಬರಿಗೆ. ಹಾಕಿದ್ರೆ ಸಾಯೋತನಕ ಬಾಯಿ ಮುಚ್ಚಿಕೊಂಡು ತೊಳೀತೀನಿ."

ಸಿಸ್ಟರ ಮುಖ ಬಿಗಿಯಿತು.

"ಮಾತು ಬಂತಾ ನಿನಗೆ? ಮೇಲೆ ಒಂದು ಪ್ಯಾ‌ಕೆಟ್ ಕಾಣ್ತಿಲ್ಲವಂತೆ. ನಿನ್ನ ನಾದಿನಿ ಕಾಲಲ್ಲಿ ಹೊಸ ಸ್ಪಂಜು ಇದೆಯಂತೆ. ಯಾರು ಕೊಟ್ಟರು?"

"ಯಾರೂ ಕೊಡಲಿಲ್ಲ. ನಾನೇ ಕದ್ದೆ."

ಆ ಮಾತು ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಬಂದ ಮೇಲೆ ಉಳಿದದ್ದೂ ಬಂತು. ಅವಳು ಎದ್ದಳು. ಕತ್ತರಿ ತೆಗೆದುಕೊಂಡಳು. ಬಕೆಟ್ಟಿನಿಂದ ಒಂದೊಂದೇ ಸ್ಪಂಜು ಎತ್ತಿ, ಕೀವು ಮೊಣಕೈವರೆಗೆ ಸೋರುತ್ತಿದ್ದರೂ ಬಿಡದೆ, ಉಗುರಿನಷ್ಟುಗಲದ ಚೂರು ಮಾಡಿ ನೆಲಕ್ಕೆ ಹಾಕಿದಳು. ಕೊಳವೆ ಕತ್ತರಿಸಿದಳು. ಡಬ್ಬಿಗಳನ್ನು ಕಾಲಲ್ಲಿ ತುಳಿದಳು. ಅವಳು ಅಳುತ್ತಿರಲಿಲ್ಲ. ಕೂಗುತ್ತಲೂ ಇರಲಿಲ್ಲ. ಕೆಲಸ ಮಾಡುವವಳ ಹಾಗೆ ಮಾಡಿದಳು.

"ಕಳ್ಳಿ," ಎಂದರು ಸಿಸ್ಟರು. "ಕೋಟು ಬಿಚ್ಚಿಡು. ನಿನ್ನ ಪೇಷಂಟು ಇರೋವರೆಗೆ ಪೇಷಂಟಿನ ಕಡೆಯವಳಾಗಿ ವಾರ್ಡಿನಲ್ಲಿ ಇರು. ಈ ಕಡೆ ತಲೆ ಹಾಕಬೇಡ."

ಅವಳು ನೀಲಿ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದಳು. ಮಧ್ಯಾಹ್ನದೊಳಗೆ ಅದನ್ನು ಇನ್ನೊಬ್ಬಳು ತೊಟ್ಟುಕೊಂಡಿದ್ದಳು. ಗುತ್ತಿಗೆದಾರ ಕಳಿಸಿದ್ದ. ನಡುವಯಸ್ಸಿನವಳು, ಬಡಕಲು, ಬಲಗೈಗೆ ಮದುವೆಯ ಹಳೆಯ ಬಳೆ. ಸಂಜೆ ಅವಳು ವಾರ್ಡಿಗೇ ಹುಡುಕಿಕೊಂಡು ಬಂದಳು.

"ಅಕ್ಕಾ, ಬಿಸಿನೀರಮ್ಮ ಅಂದ್ರೆ ನೀವೇನಾ? ಬಿಸಿನೀರಲ್ಲಿ ಎಷ್ಟು ತಿಕ್ಕಿದ್ರೂ ಕೀವು ಬಿಡ್ತಾ ಇಲ್ಲ. ನೀವು ಹೆಂಗೆ ಮಾಡ್ತಿದ್ರಿ?"

"ತೊಳೀಬೇಡ ತಾಯಿ. ಅದು ತೊಳೆಯೋ ಸಾಮಾನಲ್ಲ. ಜನ ಸಾಯ್ತಾರೆ."

ಅವಳು ಬಿಸಿನೀರಮ್ಮನನ್ನೂ, ಮಂಚವನ್ನೂ, ನೆಲದ ಮೇಲೆ ಹಾಸಿದ್ದ ಚಾಪೆಯನ್ನೂ ನೋಡಿದಳು.

"ತೊಳೆಯದಿದ್ರೆ ನಾನೂ ನಿಮ್ಮ ಹಂಗೆ ಇಲ್ಲಿ ಕೂರಬೇಕಾಗುತ್ತೆ ಅಕ್ಕಾ," ಎಂದು ಹೋದಳು. ಕೊಂಕಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು.

*

ಡ್ರೆಸ್ಸಿಂಗಿನ ದಿನದ ಹೊತ್ತಿಗೆ ನಾದಿನಿಯ ಮೈ ಕೆಂಡವಾಗಿತ್ತು. ಪಟ್ಟಿಯಣ್ಣ ಹಾಳೆ ಬಿಚ್ಚಿ ಸ್ಪಂಜು ಎತ್ತಿದ. ಯಾರೂ ಏನೂ ಹೇಳಬೇಕಾಗಿರಲಿಲ್ಲ, ವಾಸನೆಯೇ ಹೇಳಿತು.

ಅವನು ಟ್ರೇಯಿಂದ ಕಾಗದದ ಕವರು ತೆಗೆದ.

"ಇದು ಕೊನೇ ಸಲ. ಡಾಕ್ಟರು ಹೇಳಿದಾರಲ್ಲ." ದನಿ ತಗ್ಗಿಸಿದ. "ಹೊಸಬಳು ತೊಳೆದದ್ದಲ್ಲ. ನೀನೇ ಹೋದ ವಾರ ತೊಳೆದು ಇಟ್ಟಿದ್ಯಲ್ಲ, ಬೀರುವಿನ ಹಿಂದೆ ಒಂದು ಉಳಿದಿತ್ತು. ಹುಡುಕಿ ತಂದೆ, ನಿನಗೋಸ್ಕರ."

ಅವನ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಅದನ್ನು ಕಂಡು ಬಿಸಿನೀರಮ್ಮನಿಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ.

"ಯಾರ ಹುಣ್ಣಿನದು ಅದು?" ಎಂದಳು ನಾದಿನಿ. ಜ್ವರದಲ್ಲಿ ನಾಲಿಗೆ ತೊದಲುತ್ತಿತ್ತು.

"ಯಾರಿಗೆ ಗೊತ್ತು ತಂಗಿ."

"ಅವನು ಬದುಕಿದಾನಾ?"

"ಮನೆಗೆ ಹೋಗಿರ್ತಾನೆ."

"ಒಳ್ಳೇದಾಯ್ತು. ಅವನ ಕೊಳೆ ಅವನ ಮನೆಗೇ ಕಳಿಸು. ನನ್ನ ಕಾಲೇನು ಅವನ ಕಸದ ಡಬ್ಬೀನಾ?"

"ಬೇಡ ಅಂದ್ರೆ ನಾಳೆ ಕಾಲು ತೆಗೀತಾರೆ. ಹಾಕಿದ್ರೆ... ಹೇಳೋಕಾಗಲ್ಲ. ಒಂದೊಂದು ಸಲ ಹಿಡಿಯುತ್ತೆ. ನಾನು ನೋಡಿದೀನಿ."

ನಾದಿನಿ ಅತ್ತಿಗೆಯ ಕಡೆ ಹೊರಳಿದಳು.

"ನೀನು ಹೇಳು ಅತ್ತಿಗೆ. ಜಗಳಕ್ಕೆ ಮಾತ್ರ ಬಾಯಿ ನಿನಗೆ? ಹೇಳು. ನೀನು ಹಾಕು ಅಂದ್ರೆ ಹಾಕಿಸ್ಕೊಳ್ತೀನಿ. ಬೇಡ ಅಂದ್ರೆ ಬೇಡ. ಇಸ್ತ್ರಿ ಮಾಡೋಕೆ ಕೈ ಸಾಕು."

ಹಾಕು ಎಂದರೆ ತನ್ನ ಕೈಯಾರೆ ವಿಷ ಇಟ್ಟ ಹಾಗೆ. ಬೇಡ ಎಂದರೆ ತನ್ನ ಬಾಯಾರೆ ಕಾಲು ಕತ್ತರಿಸಿದ ಹಾಗೆ. ಮೂರನೆಯ ಮಾತೊಂದು ಇತ್ತು. ಒಂದು ಮಹಡಿ ಮೇಲೆ, ಬೀಗ ಹಾಕಿದ ಬೀರುವಿನೊಳಗೆ, ಒಡೆಯದ ಪ್ಯಾಕೆಟ್ಟುಗಳಲ್ಲಿ, ಸಾಲಾಗಿ ಜೋಡಿಸಿ ಇಟ್ಟಿತ್ತು. ಅದು ಈ ಮಂಚದವರೆಗೆ ಇಳಿದು ಬರುವ ಮೆಟ್ಟಿಲು ಮಾತ್ರ ಆ ಕಟ್ಟಡದಲ್ಲಿರಲಿಲ್ಲ.

"ಬೇಡ," ಎಂದಳು ಬಿಸಿನೀರಮ್ಮ. ದನಿ ಹೊರಗೆ ಬಂತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. "ಬೇಡ. ತಗೊಂಡು ಹೋಗು."

ನಾದಿನಿ ಕಣ್ಣು ಮುಚ್ಚಿದಳು. ಪಟ್ಟಿಯಣ್ಣ ಗುಂಡಿಗೆ ಬಟ್ಟೆ ತುಂಬಿ, ಪಟ್ಟಿ ಸುತ್ತಿದ. ಮಂಚದ ಕಾಲಿಗೆ ನೇತುಹಾಕಿದ್ದ ಕಾಗದದಲ್ಲಿ ರೋಗಿಯ ಕಡೆಯವರು ಒಪ್ಪಲಿಲ್ಲ ಎಂದು ಬರೆದ. ಮಿಷನ್ನಿನ ತಂತಿಯನ್ನು ಗೋಡೆಯಿಂದ ಕಿತ್ತ. ಮಿಷನ್ನನ್ನೂ ಟ್ರೇಯನ್ನೂ ಎತ್ತಿಕೊಂಡು ತಿರುಗಿದ. ನಾಲ್ಕು ಹೆಜ್ಜೆ. ಎದುರು ಮಂಚದ ಪಕ್ಕದಲ್ಲಿ ಇಳಿಸಿದ.

ಮುದುಕಿ ಗಡಬಡಿಸಿ ಎದ್ದಳು. "ನಮಗಾ? ನಮಗೇನಾ ಸಾಮಿ?"

"ಹೂಂ. ಮಗಳನ್ನ ಮಗ್ಗುಲಿಗೆ ತಿರುಗಿಸಿ."

ಅದೇ ಕಾಗದದ ಕವರನ್ನು ಅವನು ಬಿಡಿಸಿದ. ಕತ್ತರಿಯಿಂದ ಸ್ಪಂಜನ್ನು ಈ ಹುಣ್ಣಿನ ಆಕಾರಕ್ಕೆ ಕತ್ತರಿಸತೊಡಗಿದ.

ಬಿಸಿನೀರಮ್ಮ ಹೇಗೆ ಅಲ್ಲಿಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಮುದುಕಿಯ ಮುಂದೆ ಅಡ್ಡ ನಿಂತಿದ್ದಳು.

"ಹಾಕಿಸಬೇಡಿ ಅಜ್ಜಿ. ಅದು ಹೊಸದಲ್ಲ. ಯಾರದೋ ಹುಣ್ಣಿನೊಳಗೆ ಇದ್ದದ್ದು. ತೊಳೆದಿಟ್ಟದ್ದು. ನಮ್ಮವಳ ಕಾಲು ಅದರಿಂದಾನೇ ಹೋಯ್ತು. ನನ್ನ ಮಾತು ಕೇಳಿ, ಬಟ್ಟೆ ಕಟ್ಟಿಸಿ ಸಾಕು."

"ಪಕ್ಕಕ್ಕೆ ಸರಿಯಮ್ಮ," ಎಂದ ಪಟ್ಟಿಯಣ್ಣ. ಗದರಿಸಲಿಲ್ಲ.

ಮುದುಕಿ ಬಿಸಿನೀರಮ್ಮನನ್ನು ನೋಡಿದಳು. ಮಗಳ ಬೆನ್ನನ್ನು ನೋಡಿದಳು. ಹುಣ್ಣಿನ ನಡುವೆ ಬಿಳಿಯ ಮೂಳೆ ಕಾಣುತ್ತಿತ್ತು.

"ತೊಳೆದದ್ದು ಅಂತ ನನಗೆ ಗೊತ್ತಿಲ್ವಾ ತಾಯಿ?" ಎಂದಳು. "ನಮ್ಮಂಥೋರಿಗೆ ಹೊಸದು ಯಾರು ಕೊಡ್ತಾರೆ? ಉಟ್ಟಿದ್ದೂ ಯಾರೋ ಉಟ್ಟುಬಿಟ್ಟದ್ದು, ತಿಂದದ್ದೂ ಯಾರೋ ತಿಂದುಬಿಟ್ಟದ್ದು. ಬಟ್ಟೆ ಕಟ್ಟಿ ಕಟ್ಟಿ ಎರಡು ತಿಂಗಳಾಯ್ತು, ಮೂಳೆ ಬಂತು. ನಿಮಗೆ ಬೇಡವಾದ್ರೆ ಬಿಡಿ. ನಮಗೆ ಬಂದದ್ದನ್ನ ಯಾಕೆ ತಪ್ಪಿಸ್ತೀರಿ?"

ಬಿಸಿನೀರಮ್ಮ ಅಡ್ಡ ನಿಂತೇ ಇದ್ದಳು.

"ಯಾರು ತೊಳೆದದ್ದಂತೆ?" ಮುದುಕಿ ಪಟ್ಟಿಯಣ್ಣನನ್ನು ಕೇಳಿದಳು.

"ಇವರೇ. ಬಿಸಿನೀರಮ್ಮನೇ."

ಮುದುಕಿಯ ಮುಖ ಅರಳಿತು. ಅವಳು ಬಿಸಿನೀರಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡಳು.

"ನೋಡಿದ್ಯಾ? ಇದನ್ನ ಮೊದಲೇ ಹೇಳಬಾರದಿತ್ತಾ? ನೀನು ತೊಳೆದದ್ದು ಅಂದ್ರೆ ನನಗೆ ಯಾವ ಭಯಾನೂ ಇಲ್ಲ."

ಪಟ್ಟಿಯಣ್ಣ ಸ್ವಿಚ್ಚು ಒತ್ತಿದ. ಮಿಷನ್ನು ಹೀರತೊಡಗಿತು. ಬಿಸಿನೀರಮ್ಮ ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕಿ ಬಿಡಲಿಲ್ಲ.